ಹಂದಿಯ ಪಿತ್ತದ ಹಾದಿ

ನನ್ನ ಅಪ್ಪ ಬನ್ಯಾಂಗ್‌ಗೆ ಮನುಷ್ಯರನ್ನು ಕಂಡರೆ ಅಷ್ಟಕ್ಕಷ್ಟೆ. ಅವನು ಗೌರವ ಕೊಡುತ್ತಿದ್ದುದು ಹಂದಿಗೆ ಮಾತ್ರ, ಅದೂ ಹೊಟ್ಟೆ ಸೀಳಿದ ಮೇಲೆ.

ರಜಾಂಗ್ ನದಿಯ ಮೇಲ್ಭಾಗದ ಒಂದು ಹೊಳೆಯ ದಡದಲ್ಲಿ ನಮ್ಮ ಇಬಾನ್ ಜನದ ಉದ್ದಮನೆ. ಎತ್ತರದ ಕಂಬಗಳ ಮೇಲೆ, ಒಂದೇ ಸೂರಿನ ಕೆಳಗೆ ಸಾಲಾಗಿ ಹಲವು ಸಂಸಾರಗಳು, ಎಲ್ಲರ ಬಾಗಿಲ ಮುಂದೆ ಹಾಯುವ ಒಂದೇ ಉದ್ದನೆಯ ಮೊಗಸಾಲೆ. ಹೊಸ ಗುಡ್ಡದಲ್ಲಿ ಭತ್ತ ಬಿತ್ತುವ ಮೊದಲು, ಮನೆಗೆ ಕಂಬ ನಿಲ್ಲಿಸುವ ಮೊದಲು, ಯಾರಾದರೂ ಏಳಲಾಗದಂತೆ ಹಾಸಿಗೆ ಹಿಡಿದಾಗ, ನಾವು ಒಂದು ಹಂದಿಯನ್ನು ಕೊಂದು ಅದರ ಯಕೃತ್ತನ್ನು ಕೇಳುತ್ತೇವೆ. ಮಾತಿನಲ್ಲಿ ಈಲಿ ಅನ್ನುತ್ತೇವೆ. ತಟ್ಟೆಯಲ್ಲಿ ಇನ್ನೂ ಹಬೆಯಾಡುತ್ತಿರುವ ಈಲಿಯನ್ನು ಓದಬಲ್ಲ ಹಿರಿಯರು ನಮ್ಮ ಹೊಳೆಯ ಉದ್ದಕ್ಕೂ ಏಳೆಂಟು ಮಂದಿ ಇದ್ದರು. ಅಪ್ಪನ ಪ್ರಕಾರ ಒಬ್ಬನೇ ಇದ್ದ.

ಉಳಿದವರು ನೋಡುತ್ತಿದ್ದುದು ಈಲಿಗೆ ಅಂಟಿಕೊಂಡ ಪಿತ್ತದ ಚೀಲವನ್ನು. ಚೀಲ ಉದ್ದವಾಗಿ ತುಂಬಿಕೊಂಡಿದ್ದರೆ ಶುಭ, ಸೊರಗಿ ಒಳಸರಿದಿದ್ದರೆ ಅಶುಭ. ಇದನ್ನು ಕೇಳಿದರೆ ಅಪ್ಪ ಅಡಿಕೆಯ ಕೆಂಪು ರಸವನ್ನು ನೆಲದ ಸಂದಿಯಿಂದ ಕೆಳಕ್ಕೆ ಉಗಿಯುತ್ತಿದ್ದ.

"ಚೀಲ ನೋಡೋಕೆ ಮನುಷ್ಯ ಯಾಕೆ ಬೇಕು? ನಾಯಿನ ಕರ್ಕೊಂಬನ್ನಿ, ಮೂಸಿ ಹೇಳುತ್ತೆ."

ಅಪ್ಪ ನೋಡುತ್ತಿದ್ದುದು ಹಾದಿಯನ್ನು. ಚೀಲದ ಕತ್ತಿನಿಂದ ಸಣ್ಣ ನಾಳವೊಂದು ಹೊರಡುತ್ತದೆ. ಈಲಿಯ ಒಂದೊಂದು ಹಾಳೆಯಿಂದ ಇಳಿದುಬಂದ ನಾಳಗಳು ಒಂದಾಗಿ ಅದನ್ನು ಕೂಡುತ್ತವೆ. ಕೂಡಿದ ದೊಡ್ಡ ನಾಳ ಕರುಳಿಗೆ ಇಳಿದು, ಜಠರದ ಬಾಗಿಲು ದಾಟಿ ಎರಡು ಬೆರಳಗಲ ದೂರದಲ್ಲಿ, ಮೊಲೆತೊಟ್ಟಿನಂಥ ಒಂದು ಸಣ್ಣ ಉಬ್ಬಿನಲ್ಲಿ ಬಾಯಿ ತೆರೆಯುತ್ತದೆ. ಅದಕ್ಕಾಗಿ ಅಪ್ಪ ಈಲಿಯನ್ನು ಕರುಳಿನ ತುಂಡಿನ ಸಮೇತ ಕೊಯ್ದು ತರಿಸುತ್ತಿದ್ದ. ಅಲ್ಲಿಂದ ಒಂದು ಗೇಣು ಕೆಳಗೆ ಇನ್ನೊಂದು ಬಾಯಿ. ಅದು ಮೇದೋಜೀರಕದ್ದು. ಎರಡೂ ಒಂದನ್ನೊಂದು ಮುಟ್ಟುವುದಿಲ್ಲ. ಹಾದಿ ಎಲ್ಲಿ ಸೊಟ್ಟಗಾಗಿದೆ, ಎಲ್ಲಿ ದಪ್ಪಗಾಗಿದೆ, ಯಾವ ಹಾಳೆಯ ನಾಳ ತಡವಾಗಿ ಬಂದು ಸೇರಿದೆ ಎಂದು ಬೆರಳ ತುದಿಯಲ್ಲಿ ತಡವುತ್ತಾ ಹೋಗುತ್ತಿದ್ದ. ಅಷ್ಟು ಹೊತ್ತು ಮೊಗಸಾಲೆಯಲ್ಲಿ ಕೂತವರು ಕೆಮ್ಮುವ ಹಾಗಿರಲಿಲ್ಲ. ಕೆಮ್ಮಿದವನ ಕಡೆ ಅವನು ತಿರುಗಿ ನೋಡುವ ನೋಟಕ್ಕೆ ಕೆಮ್ಮೇ ವಾಸಿಯಾಗುತ್ತಿತ್ತು.

ಅಪ್ಪನ ತಿರಸ್ಕಾರಕ್ಕೆ ಅತಿ ಹೆಚ್ಚು ಗುರಿಯಾದವನು ನನ್ನ ಸೋದರಮಾವ ಗರಮನ್. ಅವನು ಉದ್ದಮನೆಯ ಮುಖ್ಯಸ್ಥ, ಅವನೂ ಈಲಿ ಓದುವವನು, ಮೇಲಾಗಿ ಒಳ್ಳೆಯವನು. ಈ ಕೊನೆಯದನ್ನೇ ಅಪ್ಪ ಸಹಿಸುತ್ತಿರಲಿಲ್ಲ. ಗರಮನ್ ಮಾವ ಯಾವ ಈಲಿ ನೋಡಿದರೂ ಮುಖ ಅರಳಿಸಿ, "ಚೆನ್ನಾಗಿದೆ, ಚೆನ್ನಾಗಿದೆ" ಅನ್ನುತ್ತಿದ್ದ. ಜನ ನಕ್ಕು ಅಕ್ಕಿಯ ಹೆಂಡ ಸುರಿದುಕೊಳ್ಳುತ್ತಿದ್ದರು. ಅಪ್ಪ ಓದಿದರೆ ಹೆಂಡ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆದರೂ ದೂರದ ಮನೆಗಳವರು ದೋಣಿ ಕಳಿಸುತ್ತಿದ್ದುದು ಅಪ್ಪನಿಗೇ. ಬೈಸಿಕೊಂಡರೆ ಮಾತು ನಿಜವಿರಬೇಕು ಅಂದುಕೊಳ್ಳುವ ಜನ ಎಲ್ಲ ಹೊಳೆಗಳಲ್ಲೂ ಇರುತ್ತಾರೆ.

ನಾನು ಅವನ ಒಬ್ಬಳೇ ಮಗಳು, ಜೆಲಿಯಾ. ಅಮ್ಮ ತೀರಿಕೊಂಡ ಮೇಲೆ ಅವನಿಗೆ ಅನ್ನ ಬೇಯಿಸುತ್ತಾ, ಅವನ ಬೈಗುಳ ಕೇಳುತ್ತಾ, ಬಹುಬೇಗ ತಿರುಗಿ ಬೈಯುವುದನ್ನೂ ಕಲಿತೆ. ಆ ವಿದ್ಯೆಯೊಂದನ್ನೇ ಅವನು ನನಗೆ ಧಾರಾಳವಾಗಿ ಕೊಟ್ಟದ್ದು.

ಆ ವರ್ಷ ಕೊಯ್ಲು ಮುಗಿದ ಮೇಲೆ ಅಪ್ಪನಿಗೆ ಊಟ ಸೇರದಾಯಿತು. ಮೊದಲು ನನ್ನ ಅಡಿಗೆಯನ್ನು ಬೈದ. ಆಮೇಲೆ ಮೈ ಕೆರೆದುಕೊಳ್ಳತೊಡಗಿದ, ಚಾಪೆಯನ್ನು ಬೈದ. ಒಂದು ಬೆಳಿಗ್ಗೆ ಮೊಗಸಾಲೆಯ ಬೆಳಕಿನಲ್ಲಿ ಅವನ ಕಣ್ಣು ನೋಡಿದೆ, ಬಿಳಿ ಇರಬೇಕಾದಲ್ಲಿ ಅರಿಸಿನ. ಉಚ್ಚೆ ಕಪ್ಪು ಚಹಾದಂತೆ ಹೋಗುತ್ತಿದೆ ಎಂದು ಅವನೇ ಹೇಳಿದ. ಬಲಗಡೆ ಪಕ್ಕೆಯ ಕೆಳಗೆ ಎದ್ದ ನೋವು ಬೆನ್ನಿಗೆ ತೂರಿಕೊಂಡು ಹೋದಾಗ ಮಾತ್ರ ಯಾರನ್ನೂ ಬೈಯಲಿಲ್ಲ. ಆಗ ನನಗೆ ಹೆದರಿಕೆಯಾಯಿತು.

"ಪಟ್ಟಣದ ಆಸ್ಪತ್ರೆಗೆ ಹೋಗೋಣ, ಅಪ್ಪ. ಹೊಟ್ಟೇಲಿ ಏನಾದ್ರೂ ಸಿಕ್ಕೊಂಡಿದ್ರೆ ತೆಗೀತಾರೆ."

"ತೆಗೀತಾರೆ! ಜೇಬಲ್ಲಿರೋದನ್ನ ತೆಗೀತಾರೆ. ನನ್ನ ಹೊಟ್ಟೇಲಿ ಏನಿದೆ ಅಂತ ನಿಂಗೇನು ಗೊತ್ತು? ಅನ್ನಕ್ಕೆ ಎಷ್ಟು ನೀರಿಡ್ಬೇಕು ಅಂತ ಮೊದ್ಲು ತಿಳ್ಕೋ."

ಗರಮನ್ ಮಾವ ಬಂದು ನೋಡಿ ಕಣ್ಣಲ್ಲಿ ನೀರು ತಂದುಕೊಂಡ. ಹಂದಿ ಕೇಳೋಣ ಎಂದ. ತನ್ನ ಹಂದಿಯನ್ನು ತಾನೇ ಓದಬಾರದೆಂಬುದು ನಮ್ಮ ಮನೆಯ ಕಟ್ಟಳೆ. ಹಾಗಾಗಿ ಓದಬೇಕಾದವನು ಗರಮನ್ ಮಾವನೇ. ಅಪ್ಪ ಗೋಡೆಗೆ ಒರಗಿ ಕೂತು, ಹಳದಿ ಕಣ್ಣುಗಳಿಂದ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ.

"ನನ್ನ ಪ್ರಾಣ ನಿನ್ನ ಕೈಗೆ ಬಂತಾ! ಇದಕ್ಕಿಂತ ಕಾಲು ಜಾರಿ ಹೊಳೆಗೆ ಬಿದ್ದಿದ್ರೆ ಮರ್ಯಾದೆ ಇರ್ತಿತ್ತು."

"ಭಾವ, ಬೈರಿ, ಬೈದ್ರೆ ನಿಮಗೆ ಹಗುರ ಆಗುತ್ತೆ" ಎಂದ ಮಾವ.

ಮಾರನೆಯ ದಿನ ಬೆಳಿಗ್ಗೆ ಕಾಲು ಕಟ್ಟಿದ ಹಂದಿಯನ್ನು ಮೊಗಸಾಲೆಗೆ ತಂದರು. ಗರಮನ್ ಮಾವ ಅದರ ಬೆನ್ನು ಸವರಿ, ಸುಳ್ಳು ಹೇಳಬೇಡ, ಏನನ್ನೂ ಮುಚ್ಚಿಡಬೇಡ ಎಂದು ಬೇಡಿಕೊಂಡ. ಅದರ ಕುತ್ತಿಗೆಗೆ ಭರ್ಜಿ ಇಳಿಯಿತು. ಹೊಟ್ಟೆ ಸೀಳಿ, ಈಲಿಯನ್ನು ತಟ್ಟೆಯಲ್ಲಿಟ್ಟು ಹಿರಿಯರ ನಡುವೆ ಇಟ್ಟರು. ಮಾವ ಬಗ್ಗಿ ನೋಡಿದ. ಪಿತ್ತದ ಚೀಲ ಉಬ್ಬಿ ಹೊಳೆಯುತ್ತಿತ್ತು.

"ಚೆನ್ನಾಗಿದೆ! ಭಾವ, ತುಂಬಾ ಚೆನ್ನಾಗಿದೆ. ಇಷ್ಟು ತುಂಬಿದ ಚೀಲ ನಾನು ನೋಡೇ ಇಲ್ಲ. ಎದ್ದು ಓಡಾಡ್ತೀರಿ."

ಜನ ನಿಟ್ಟುಸಿರು ಬಿಟ್ಟರು. ಯಾರೋ ಹೆಂಡದ ಜಾಡಿಯ ಕಡೆ ಕೈ ಚಾಚಿದರು.

"ಹಾದಿ ನೋಡಿದ್ಯಾ?" ಅಪ್ಪನ ದನಿ ಗೋಡೆಯ ಬಳಿಯಿಂದ ಬಂತು.

"ಚೀಲ ಇಷ್ಟು ಚೆನ್ನಾಗಿರೋವಾಗ..."

"ಹಾದಿ ನೋಡಿದ್ಯಾ ಅಂತ ಕೇಳ್ದೆ. ಹಂದಿ ಕೊಬ್ಬು ನೋಡು, ಹಳದಿಗೆ ತಿರುಗಿದೆ, ಇಲ್ಲಿಂದಲೇ ಕಾಣ್ತಿದೆ ನಂಗೆ. ನಿನ್ನ ಕಣ್ಣಿಗೇನು ಸಗಣಿ ಮೆತ್ತಿದೆಯಾ? ತಗೊಂಬಾ ಇಲ್ಲಿ."

"ಭಾವ, ನೀವು ನೋಡಬಾರದು, ಕಟ್ಟಳೆ..."

"ತಗೊಂಬಾ!"

ತಟ್ಟೆ ಅವನ ಮುಂದೆ ಬಂತು. ಅವನು ಮಡಿಲಲ್ಲಿಟ್ಟುಕೊಂಡು ನಾಳವನ್ನು ಹಿಡಿದ. ನಾನೂ ನೋಡುತ್ತಿದ್ದೆ. ಹುಲ್ಲುಕಡ್ಡಿಯಷ್ಟಿರಬೇಕಾದ ದೊಡ್ಡ ನಾಳ ಹೆಬ್ಬೆರಳಿನಷ್ಟು ದಪ್ಪಗಿತ್ತು. ಅಪ್ಪ ಎಲೆಯಡಿಕೆಯ ಸಣ್ಣ ಚಾಕುವಿನಿಂದ ಉದ್ದಕ್ಕೆ ಸೀಳಿದ. ಒಳಗಿಂದ ಮಸುಕು ಗುಲಾಬಿ ಬಣ್ಣದ ಉದ್ದನೆಯ ದುಂಡುಹುಳವೊಂದು ಜಾರಿ ತಟ್ಟೆಗೆ ಬಿದ್ದು, ಒಂದು ಸಲ ಮೈ ಮುರಿಯಿತು. ಅದು ಕರುಳಿನಿಂದ ಆ ಸಣ್ಣ ಬಾಯೊಳಗೆ ನುಗ್ಗಿ, ಪಿತ್ತವನ್ನೆಲ್ಲ ಹಿಂದಕ್ಕೆ ತಡೆದು ನಿಲ್ಲಿಸಿತ್ತು. ಚೀಲ ಉಬ್ಬಿದ್ದು ಅದಕ್ಕೆ.

ಅಪ್ಪ ಹುಳವನ್ನು ಬೆರಳ ತುದಿಯಲ್ಲಿ ಎತ್ತಿ ಗರಮನ್ ಮಾವನ ಮುಖದ ಮುಂದೆ ಹಿಡಿದ.

"ಇದೇನು ನಿನ್ನ 'ಚೆನ್ನಾಗಿದೆ'? ನನ್ನ ಹಾದೀಲೂ ಇದೇ ಇದೆ. ಹಂದಿ ನಿಜ ಹೇಳಿದೆ, ಪಾಪ. ಅದನ್ನ ಕೇಳಿಸಿಕೊಳ್ಳೋ ಯೋಗ್ಯತೆ ಇರೋನು ಬೇಕಲ್ಲ. ನಾನು ಹೋಗ್ತೀನಿ."

ಸಾವಿನ ಸುದ್ದಿಯನ್ನು ಇಷ್ಟು ಗೆಲುವಿನಿಂದ ಹೇಳಿದವನನ್ನು ನಾನು ಬೇರೆ ಕಂಡಿಲ್ಲ. ತಾನು ಸಾಯುವುದಕ್ಕಿಂತ ಗರಮನ್ ಹೇಳಿದ್ದು ತಪ್ಪಾದದ್ದು ಅವನಿಗೆ ದೊಡ್ಡದಾಗಿತ್ತು.

ಮನೆಯೆಲ್ಲ ಅಪ್ಪನ ಮಾತನ್ನೇ ನಂಬಿತು. ಮಾವನೂ ನಂಬಿದ. ಅವಮಾನವನ್ನು ಒರೆಸಿಕೊಂಡು, ಸಂಜೆ ಇನ್ನಿಬ್ಬರ ಜೊತೆ ಬಂದು ಚಾಪೆಯ ಪಕ್ಕ ಕೂತ. ಬಹಳ ಹೊತ್ತು ಅಪ್ಪನ ಕಾಲು ಒತ್ತಿದ. ಆಮೇಲೆ ಮೆಲ್ಲಗೆ ಕೇಳಿದ.

"ಭಾವ, ಹೊಳೆಯಾಚೆ ಒಂದು ನೆಟ್ಟಗಿನ ಮರ ಇದೆ. ನಿಮ್ಮನ್ನ ಮಲಗಿಸೋ ಪೆಟ್ಟಿಗೆಗೆ ಅದು ಆಗ್ಬಹುದಾ? ಇಲ್ಲಾ ನಿಮ್ಮ ಮನಸ್ಸಲ್ಲಿ ಬೇರೆ ಯಾವುದಾದ್ರೂ ಇದೆಯಾ?"

ಅಪ್ಪ ಕಾಲು ಎಳೆದುಕೊಂಡ. ಅವನ ಮುಖದಲ್ಲಿ ಹಳದಿಯ ಕೆಳಗೆ ಕೆಂಪು ಏರಿದ್ದು ನನಗೆ ಕಂಡಿತು.

"ಆಗಲೇ ಮರ ನೋಡಿಟ್ಟಿದ್ದೀಯಾ?"

"ನಿಮಗೆ ಒಳ್ಳೇ ಮರ ಇರ್ಲಿ ಅಂತ..."

"ಎದ್ದೇಳು ಇಲ್ಲಿಂದ! ಮೂಢಾ, ಹುಳ ಹಾದೀಲಿ ಸಿಕ್ಕೊಂಡಿದೆ ಅಂದ್ರೆ ಅದನ್ನ ತೆಗೀಬಹುದು ಅಂತ ಅರ್ಥ. ಇಷ್ಟು ಜನ ಕೂತಿದ್ದೀರಿ, ಒಬ್ಬನ ತಲೆಗಾದ್ರೂ ಬಂತಾ? ಜೆಲಿಯಾ, ಬಟ್ಟೆ ಕಟ್ಟು. ಬೆಳಿಗ್ಗೆ ಪಟ್ಟಣಕ್ಕೆ ಹೋಗೋದು."

ಹಿಂದಿನ ದಿನ ನಾನು ಇದೇ ಮಾತು ಹೇಳಿದಾಗ ಅನ್ನಕ್ಕೆ ನೀರಿಡೋದು ಕಲಿ ಎಂದಿದ್ದ ಮನುಷ್ಯ ಅವನು. ನಾನು ಬಾಯಿ ಬಿಡದೆ ಬಟ್ಟೆ ಕಟ್ಟಿದೆ.

ದೋಣಿಯಲ್ಲಿ ಅವನು ಮೋಟಾರಿನ ಸದ್ದನ್ನು ಬೈದ, ನೀರಿನಲ್ಲಿ ತೇಲಿಬರುತ್ತಿದ್ದ ಕಂಪನಿಯ ಮರದ ದಿಮ್ಮಿಗಳನ್ನು ಬೈದ. ಚಳಿಜ್ವರ ಬಂದು ಹಲ್ಲು ಕಟಕಟಿಸಿದಾಗ ಸುಮ್ಮನಾದ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅವನನ್ನು ಹೊತ್ತುಕೊಂಡು ಹೋಗಬೇಕಾಯಿತು.

ಸೂಜಿ, ನೀರಿನ ಬಾಟಲಿ ಎಲ್ಲ ಆಗಿ ಜ್ವರ ತಗ್ಗಿದ ಮೇಲೆ ಡಾಕ್ಟರ್ ಬಂದಳು. ಕೂದಲು ಮೋಟಾಗಿ ಕತ್ತರಿಸಿಕೊಂಡ ಹುಡುಗಿ, ನಮ್ಮ ಇಬಾನ್ ಜನದವಳೇ. ಅಪ್ಪ ಕಣ್ಣು ಕಿರಿದು ಮಾಡಿ ನೋಡಿದ.

"ನೀನು ಯಾರ ಮಗಳು?"

"ನಾನು ರೆಮಿಯಾ, ಅಜ್ಜ. ಸರಿಬಾಸ್ ಕಡೆಯವಳು."

"ಸರಿಬಾಸ್! ಅಲ್ಲಿ ಹಂದಿ ಕೊಯ್ಯೋಕೆ ಯಾರಿಗೂ ಬರಲ್ಲ. ಬರೀ ಮಾತು ಕೊಯ್ತಾರೆ."

"ಅದಕ್ಕೇ ಕೊಯ್ಯೋದು ಕಲಿಯೋಕೆ ಊರು ಬಿಟ್ಟೆ. ನಾಲಿಗೆ ತೋರಿಸಿ. ಉದ್ದ ಎಷ್ಟಿದೆ ಅಂತ ಗೊತ್ತಾಯ್ತು, ಬಣ್ಣ ನೋಡ್ಬೇಕು."

ಪಕ್ಕದ ಮಂಚದವನು ನಕ್ಕ. ಅಪ್ಪ ನಾಲಿಗೆ ತೋರಿಸಿದ. ತೋರಿಸಿದ್ದೇ ನನಗೆ ಆಶ್ಚರ್ಯ.

ಹೊಟ್ಟೆಗೆ ತಣ್ಣನೆಯ ಅಂಟು ಸವರಿ ಯಂತ್ರವೊಂದನ್ನು ಒತ್ತಿ ನೋಡಿದರು. ಪಿತ್ತನಾಳ ಊದಿಕೊಂಡಿದೆ, ತುದಿಯಲ್ಲಿ ಏನೋ ಅಡ್ಡ ಬಂದಿದೆ ಎಂದಳು ರೆಮಿಯಾ.

"ಏನೋ ಅಲ್ಲ. ಹುಳ."

"ಹುಳ ಇರ್ಬಹುದು, ಕಲ್ಲು ಇರ್ಬಹುದು, ಗಡ್ಡೆಯೂ ಇರ್ಬಹುದು. ಕೊಯ್ದು ನೋಡಿದ ಮೇಲೆ ಹೇಳ್ತೀನಿ."

"ನೋಡಿದ ಮೇಲೆ ಹೇಳೋಕೆ ನೀನ್ಯಾಕೆ ಬೇಕು? ಕುರುಡನೊಬ್ಬನ ಬಿಟ್ಟು ಎಲ್ಲರೂ ಹೇಳ್ತಾರೆ."

ಅವಳು ಒಂದು ಕಾಗದ ತೆಗೆದು, ಕೊಯ್ಯುವುದು ಎಲ್ಲಿ ಎಂದು ತಿಳಿಸಲು ಚಿತ್ರ ಬರೆದಳು. ಈಲಿ, ಚೀಲ, ಚೀಲದ ನಾಳ, ಈಲಿಯ ನಾಳ, ಎರಡೂ ಕೂಡಿ ಕೆಳಗಿಳಿಯುವ ದೊಡ್ಡ ನಾಳ. ಅಪ್ಪ ಅಲ್ಲಿಯವರೆಗೆ ತಲೆಯಾಡಿಸಿದ. ಆಮೇಲೆ ಅವಳು ಪಕ್ಕದಿಂದ ಮೇದೋಜೀರಕದ ನಾಳವನ್ನು ಎಳೆದು ತಂದು, ದೊಡ್ಡ ನಾಳದ ತುದಿಗೇ ಕೂಡಿಸಿ, ಎರಡಕ್ಕೂ ಒಂದೇ ಬಾಯಿ ಬರೆದಳು. ಅಪ್ಪನಿಗೆ ನಗು ತಡೆಯಲಿಲ್ಲ. ನೋವಾದರೂ ಪಕ್ಕೆ ಹಿಡಿದುಕೊಂಡು ನಕ್ಕ.

"ಇದು ಯಾವ ಪ್ರಾಣಿನಮ್ಮಾ?"

"ನೀವು."

"ಎರಡಕ್ಕೂ ಒಂದೇ ಬಾಯಿಯಾ? ಜೆಲಿಯಾ, ನೋಡು, ಇವಳಿಗೆ ನನ್ನ ಹೊಟ್ಟೆ ಕೊಡ್ಬೇಕಂತೆ! ಬೇರೆ ಬೇರೆ ಬಾಯಿ, ತಾಯಿ. ಒಂದು ಮೇಲೆ, ಇನ್ನೊಂದು ಗೇಣು ಕೆಳಗೆ. ನೀನು ಹುಟ್ಟೋಕೆ ಮೊದಲಿಂದ ನೋಡ್ತಿದ್ದೀನಿ."

"ಅದು ಹಂದೀದು, ಅಜ್ಜ. ಅದರಲ್ಲಿ ನೀವು ಹೇಳಿದ ಹಾಗೇ ಇರೋದು. ಮನುಷ್ಯರದ್ದು ಹೀಗೆ. ಕಲ್ಲೋ ಹುಳವೋ ತುದೀಲಿ ಸಿಕ್ಕೊಂಡ್ರೆ ಎರಡೂ ನಾಳ ಒಟ್ಟಿಗೆ ಕಟ್ಕೊಳ್ಳುತ್ತೆ. ನಿಮಗೆ ನೋವು ಬೆನ್ನಿಗೆ ಹೋಗ್ತಿರೋದು ಅದಕ್ಕೇ. ಹಂದಿಯಾಗಿದ್ರೆ ನಿಮಗೆ ಅರ್ಧ ನೋವು ಕಡಿಮೆ ಇರ್ತಿತ್ತು."

ಅಪ್ಪನ ನಗು ನಿಂತಿತು. "ಹಂದಿ ವಿಷ್ಯ ನಿಂಗೆ ಹೇಗೆ ಗೊತ್ತು?"

"ನಾಳ ಹೊಲಿಯೋದನ್ನ ನಾವು ಮೊದಲು ಕಲಿತದ್ದು ಹಂದಿ ಮೇಲೇ."

ಅಪ್ಪ ಮೊಣಕೈ ಊರಿ ಮೇಲೆದ್ದ. ಆಸ್ಪತ್ರೆಗೆ ಬಂದ ಮೇಲೆ ಮೊದಲ ಬಾರಿಗೆ ಅವನ ಮುಖದಲ್ಲಿ ಗೌರವದಂಥ ಏನೋ ಕಂಡಿತು.

"ಏನು ಹೇಳ್ತು?"

"ಯಾರು?"

"ಹಂದಿ. ಕೊಯ್ದಾಗ ಏನು ಹೇಳ್ತು?"

ರೆಮಿಯಾ ನನ್ನ ಕಡೆ ನೋಡಿದಳು. "ಏನೂ ಹೇಳ್ಲಿಲ್ಲ ಅಜ್ಜ. ಅದಕ್ಕೆ ಮತ್ತು ಬರೋ ಔಷಧಿ ಕೊಟ್ಟಿದ್ವಿ. ತಾನು ಹಂದಿ ಅನ್ನೋದೇ ಅದಕ್ಕೆ ನೆನಪಿರ್ಲಿಲ್ಲ."

"ಕೇಳಲೇ ಇಲ್ವಾ ನೀವು?"

"ಏನು ಕೇಳೋದು? ಹೊಲಿಗೆ ಕಲೀತಿದ್ವಿ."

"ಆಮೇಲೆ ತಿಂದ್ರಾ?"

"ಔಷಧಿ ತುಂಬಿದ ಮಾಂಸ ತಿನ್ನೋಕಾಗುತ್ತಾ? ಸುಟ್ಟು ಹಾಕಿದ್ರು."

ಅಪ್ಪ ಮೆಲ್ಲಗೆ ಗೋಡೆಯ ಕಡೆ ಹೊರಳಿ ಮಲಗಿದ. "ಕೇಳ್ಲಿಲ್ಲ, ತಿನ್ಲಿಲ್ಲ" ಎಂದು ಗೋಡೆಗೆ ಹೇಳಿದ. ಆ ದನಿಯಲ್ಲಿದ್ದ ಅಸಹ್ಯವನ್ನು ಗರಮನ್ ಮಾವ ಕೂಡ ಯಾವತ್ತೂ ಕೇಳಿಸಿಕೊಂಡಿರಲಿಲ್ಲ. "ಜೆಲಿಯಾ, ಬಟ್ಟೆ ಕಟ್ಟು. ಹಂದಿಗೆ ಮರ್ಯಾದೆ ಕೊಡದ ಕೈ ನನ್ನ ಮೈ ಮುಟ್ಟೋದು ಬೇಡ."

ರೆಮಿಯಾಳ ಮುಖವೂ ಬಿಗಿಯಿತು. "ಹೋಗೋದಾದ್ರೆ ಹೋಗಿ. ಈ ಮಂಚಕ್ಕೆ ಹೊರಗೆ ಜನ ಕಾಯ್ತಿದ್ದಾರೆ. ಆದ್ರೆ ಮುಂದಿನ ಜ್ವರಕ್ಕೆ ನೀವಿರಲ್ಲ" ಎಂದು ಕಾಗದವನ್ನು ಮಂಚದ ಮೇಲೆ ಬಿಟ್ಟು ಹೊರಟುಹೋದಳು.

ನನಗೆ ರೇಗಿತು. ಅಷ್ಟು ದಿನ ನುಂಗಿದ್ದೆಲ್ಲ ಬಾಯಿಗೆ ಬಂತು.

"ಹೋಗು! ಧಾರಾಳವಾಗಿ ಹೋಗು. ಗರಮನ್ ಮಾವ ಮರ ಕಡಿದು ಕಾಯ್ತಿದ್ದಾನೆ. ನಿನ್ನ ಪೆಟ್ಟಿಗೆ ಪಕ್ಕ ಕೂತು ಎಲ್ಲರಿಗೂ ಹೇಳ್ತಾನೆ, ಭಾವ ದೊಡ್ಡ ಮನುಷ್ಯ, ಹಂದಿ ಮರ್ಯಾದೆಗೋಸ್ಕರ ಪ್ರಾಣ ಬಿಟ್ಟ ಅಂತ. ಅತ್ತು ಅತ್ತು ಹೇಳ್ತಾನೆ. ನಾಳೆಯಿಂದ ದೋಣಿಗಳೆಲ್ಲ ಅವನಿಗೇ ಬರುತ್ವೆ. ಪ್ರತಿ ಮನೇಲೂ ಹೋಗಿ ಚೀಲ ನೋಡಿ 'ಚೆನ್ನಾಗಿದೆ' ಅಂತಾನೆ."

ಅಪ್ಪ ಗೋಡೆ ಬಿಟ್ಟು ಈ ಕಡೆಗೆ ಹೊರಳಿದ.

"ಅವಳನ್ನ ಕರಿ" ಎಂದ ಕೊನೆಗೆ. "ಕೊಯ್ಯೋ ಮೊದ್ಲು ಕೈ ತೊಳ್ಕೊಳ್ಳೋಕೆ ಹೇಳು."

ಕೊಯ್ದರು. ನಾಳದಲ್ಲಿ ಹುಳವಿರಲಿಲ್ಲ. ಕಡಲೆಬೀಜದಷ್ಟು ದೊಡ್ಡ, ಕಂದು ಬಣ್ಣದ, ಒತ್ತಿದರೆ ಪುಡಿಯಾಗುವಂಥ ಒಂದು ಕಲ್ಲಿತ್ತು. ಅಪ್ಪನಿಗೆ ಎಚ್ಚರವಾಗಿ ಮಾತು ಬರುವಂತಾದಾಗ ರೆಮಿಯಾ ಅದನ್ನು ಸಣ್ಣ ಬಾಟಲಿಯಲ್ಲಿ ತಂದು ತೋರಿಸಿದಳು.

"ಹುಳ ಎಲ್ಲಿ?"

"ಹುಳ ಇರ್ಲಿಲ್ಲ, ಅಜ್ಜ."

"ಸರಿಯಾಗಿ ನೋಡಿದ್ಯಾ?"

"ಮೇಲಿನ ಕವಲುಗಳನ್ನೂ ತೊಳೆದು ನೋಡ್ದೆ."

ಅಪ್ಪ ಬಾಟಲಿಯನ್ನು ಬೆಳಕಿಗೆ ಹಿಡಿದು ಅಲುಗಿಸಿದ. "ಇಷ್ಟಕ್ಕೇ ಇಷ್ಟೊಂದು ರಾದ್ಧಾಂತವಾ" ಎಂದು ಕಲ್ಲನ್ನೇ ಬೈದ. ಆಮೇಲೆ ಕಣ್ಣು ಮುಚ್ಚಿದ. ಅವನಿಗೆ ನಿದ್ದೆ ಬಂದಿಲ್ಲವೆಂದು ನನಗೆ ಗೊತ್ತಿತ್ತು.

ನಾಳಕ್ಕೆ ಮೆತ್ತನೆಯ ರಬ್ಬರಿನ ಕೊಳವೆಯೊಂದನ್ನು ಇಟ್ಟು ಹೊಟ್ಟೆಯಿಂದ ಹೊರಗೆ ತಂದಿದ್ದರು. ಅದರ ತುದಿಗೆ ಕಟ್ಟಿದ ಚೀಲ ಮಂಚದ ಪಕ್ಕ ತೂಗುತ್ತಿತ್ತು. ಅದರೊಳಗೆ ಅಪ್ಪನ ಪಿತ್ತ ತೊಟ್ಟಿಕ್ಕುತ್ತಿತ್ತು. ಜೀವಮಾನವೆಲ್ಲ ಹಂದಿಯ ಪಿತ್ತ ನೋಡಿದವನಿಗೆ ಈಗ ತನ್ನದೇ ಪಿತ್ತ ನೋಡುತ್ತಾ ಮಲಗುವ ಕೆಲಸ. ಬೆಳಿಗ್ಗೆ ಎದ್ದವನೇ ಚೀಲವನ್ನು ಎತ್ತಿ ಬಣ್ಣ ನೋಡುವನು. ಪಕ್ಕದ ಮಂಚದವನಿಗೂ ಇಂಥದೇ ಕೊಳವೆ ಇತ್ತು. ಅವನದನ್ನು ನೋಡಿ, "ಕಾಡುಹಂದೀದು ಕೂಡ ಇಷ್ಟು ಕೆಸರಾಗಿರಲ್ಲ. ನೀನು ತಿನ್ನೋದೇನು?" ಎಂದು ಕೇಳಿ ಅವನನ್ನು ಅಳಿಸಿಬಿಟ್ಟ. ದಾದಿಯರು ನನ್ನನ್ನು ಕರೆದು ಬುದ್ಧಿ ಹೇಳಿದರು. ಬುದ್ಧಿ ಹೇಳಬೇಕಾದ್ದು ಯಾರಿಗೆ ಎಂದು ನಾನು ಬೆರಳು ತೋರಿಸಿದೆ.

ಕೊಳವೆ ತೆಗೆಯುವ ಮೊದಲು, ಅದರೊಳಗೆ ಬಣ್ಣದ ಔಷಧಿ ಬಿಟ್ಟು ಎಕ್ಸ್‌ರೇ ತೆಗೆದರು. ರೆಮಿಯಾ ಆ ಹಾಳೆಯನ್ನು ತಂದು ಅಪ್ಪನ ಕೈಗೆ ಕೊಟ್ಟಳು. ಅವನು ಕಿಟಕಿಯ ಬಳಿ ಹೋಗಿ ಬೆಳಕಿಗೆ ಹಿಡಿದ. ಕಪ್ಪು ಹಾಳೆಯಲ್ಲಿ ಎಲೆ ಉದುರಿದ ಮರದಂತೆ ಬೆಳ್ಳಗೆ ಅವನ ನಾಳಗಳು. ಅಪ್ಪನ ಬೆರಳು ಅಭ್ಯಾಸದಂತೆ ಮೇಲಿನ ಕವಲುಗಳಿಂದ ಹೊರಟಿತು. ಕೂಡುವಲ್ಲಿ ಕೂಡಿತು, ದೊಡ್ಡ ನಾಳದಲ್ಲಿ ಇಳಿಯಿತು, ತುದಿಗೆ ಬಂತು. ಅಲ್ಲಿ ಪಕ್ಕದಿಂದ ಎಳೆಯಂಥ ಇನ್ನೊಂದು ನಾಳ ಬಂದು ಅದೇ ಬಾಯಿಗೆ ಸೇರಿತ್ತು. ಬೆರಳು ಅಲ್ಲಿ ನಿಂತಿತು.

"ಇದು ನಾನಾ?"

"ನೀವೇ."

"ಬೇರೆಯವನ ಹಾಳೆ ಅಲ್ವಲ್ಲ?"

"ಹೆಸರು ಬರೆದಿದೆ ನೋಡಿ, ಅಜ್ಜ."

ಅವನಿಗೆ ಓದು ಬರದು. ಹೆಸರು ನಾನು ಓದಿ ಹೇಳಿದೆ. ಅವನು ಹಾಳೆಯನ್ನು ಬಹಳ ಹೊತ್ತು ಕೆಳಗಿಳಿಸಲಿಲ್ಲ. ಮೊದಲ ಸಲ ನನಗೆ ಅವನ ಮೇಲೆ ಕನಿಕರ ಬಂತು. ಮಾತಾಡಿದಾಗ ಅದೂ ಹೋಯಿತು.

"ಸೆಲಂಪಂಡಾಯ್" ಎಂದು ನಮ್ಮನ್ನೆಲ್ಲ ಕುಲುಮೆಯಲ್ಲಿ ಬಡಿದು ಮಾಡಿದ ದೇವರ ಹೆಸರು ಹಿಡಿದು ಹೇಳಿದ, "ಹಂದೀನ ಮಾಡುವಾಗ ಕಣ್ಣು ಬಿಟ್ಕೊಂಡು ಮಾಡಿದ್ದಾನೆ. ನಮ್ಮನ್ನ ಮಾಡೋ ಹೊತ್ತಿಗೆ ಕುಡಿದು ಕೂತಿದ್ದ. ಎರಡು ಹೊಳೆಗೆ ಒಂದು ಬಾಯಿ! ಥೂ, ನಾಚಿಕೆಗೇಡು ಕೆಲಸ."

ರೆಮಿಯಾ ಗೊಳ್ಳೆಂದು ನಕ್ಕಳು. ಅಪ್ಪ ನಗಲಿಲ್ಲ.

ನಾವು ದೋಣಿ ಇಳಿದಾಗ ಮನೆಯ ಮೆಟ್ಟಿಲ ಬುಡದಲ್ಲಿ ಗರಮನ್ ಮಾವ ಎರಡೂ ಕೈ ಚಾಚಿಕೊಂಡು ನಿಂತಿದ್ದ. ಕಣ್ಣಲ್ಲಿ ನೀರು ಇದ್ದೇ ಇತ್ತು.

"ಭಾವ! ನಾನು ಹೇಳಿರ್ಲಿಲ್ವಾ? ಎದ್ದು ಓಡಾಡ್ತೀರಿ ಅಂತ ಹೇಳಿರ್ಲಿಲ್ವಾ?"

ಹೇಳಿದ್ದ. ಅದೇ ತೊಂದರೆ. ಚೀಲ ಮಾತ್ರ ನೋಡಿ, ಹಳದಿ ಕೊಬ್ಬನ್ನೂ ಕಾಣದೆ, ಹುಳವನ್ನೂ ಕಾಣದೆ ಹೇಳಿದ ಮಾತು ನಿಜವಾಗಿತ್ತು. ಹಾದಿ ಸೀಳಿ, ಹುಳ ಎತ್ತಿ ತೋರಿಸಿ ಅಪ್ಪ ಹೇಳಿದ್ದು ಸುಳ್ಳಾಗಿತ್ತು. ಅಪ್ಪ ಅವನನ್ನು ದಾಟಿಕೊಂಡು ಮೆಟ್ಟಿಲು ಹತ್ತಿದ. ಆಯಾಸದಿಂದ ನಡುವೆ ಎರಡು ಕಡೆ ನಿಲ್ಲಬೇಕಾಯಿತು. ಮಾವ ಹಿಂದೆಯೇ ಬೆನ್ನಿಗೆ ಕೈಕೊಟ್ಟು ಹತ್ತಿಸಿದ. ಮೇಲೆ ಪೆಟ್ಟಿಗೆಗೆ ತಂದಿದ್ದ ಮರ ಮೊಗಸಾಲೆಯ ಮೂಲೆಯಲ್ಲಿ ಒರಗಿತ್ತು. ಅದನ್ನು ಬೆಂಚು ಮಾಡಿಸುತ್ತೇನೆಂದು ಮಾವ ಸಂಕೋಚದಿಂದ ಹೇಳಿದ.

ಅಪ್ಪ ಬದುಕಿ ಬಂದದ್ದಕ್ಕೆ ಊಟ ಇಟ್ಟರು. ಬಿದಿರಲ್ಲಿ ಬೇಯಿಸಿದ ಕೋಳಿ, ಜರಿಗಿಡದ ಚಿಗುರು, ಜಾಡಿ ಜಾಡಿ ಹೆಂಡ. ಹಂದಿಯನ್ನೂ ಕೊಯ್ದರು. ಮುಂದಿನ ಬಿತ್ತನೆ ಹೇಗೋ ಕೇಳೋಣವೆಂದು ಈಲಿಯನ್ನು ತಟ್ಟೆಯಲ್ಲಿಟ್ಟು, ಎಂದಿನಂತೆ ಮೊದಲು ಅಪ್ಪನ ಮುಂದೆ ತಂದರು. ಅವನು ನಾಳವನ್ನು ಹಿಡಿದು ತುದಿಯವರೆಗೆ ನೋಡಿದ. ಸೀಳಿದ. ಮೇಲಿನ ಬಾಯಿ ನೋಡಿದ, ಗೇಣು ಕೆಳಗಿನ ಬಾಯಿ ನೋಡಿದ. ತಟ್ಟೆಯನ್ನು ಮುಂದಕ್ಕೆ ತಳ್ಳಿದ.

"ಏನು ಹೇಳುತ್ತೆ, ಭಾವ?"

"ಹೊಟ್ಟೆ ತುಂಬಾ ಸಾಗುಮರದ ತಿರುಳು ತಿಂದಿದ್ದೆ, ಆರೋಗ್ಯವಾಗಿದ್ದೆ, ನೀವು ಕೊಂದ್ರಿ ಅಂತ ಹೇಳುತ್ತೆ."

"ಅದಲ್ಲ, ನಮ್ಮ ವಿಷ್ಯ? ಭತ್ತದ ವಿಷ್ಯ?"

"ಹಂದಿ ತನ್ನ ವಿಷ್ಯ ಹೇಳ್ಕೊಳ್ಳುತ್ತೆ. ನಿಮ್ಮ ಭತ್ತ ಕಟ್ಕೊಂಡು ಅದಕ್ಕೇನಾಗ್ಬೇಕು? ಅದರ ಒಳಗು ಬೇರೆ, ನಮ್ಮ ಒಳಗು ಬೇರೆ. ನಾನು ಕಣ್ಣಾರೆ ನೋಡಿ ಬಂದಿದ್ದೀನಿ. ನೀವೇನು ಹಂದೀಗೆ ನೆಂಟರಾ, ಅದು ಮೈಯೊಳಗೆ ನಿಮ್ಮ ಸಮಾಚಾರ ಬರ್ಕೊಂಡು ಓಡಾಡೋಕೆ? ನಿಮ್ಮ ಮುಖಕ್ಕೆ ಅಷ್ಟು ಬೆಲೆ ಯಾರು ಕೊಟ್ರು?"

ಮುದುಕಿಯೊಬ್ಬಳು ಎದ್ದು ಹೋದಳು. ಗರಮನ್ ಮಾವ ಮೆಲ್ಲಗೆ ತಟ್ಟೆ ಎಳೆದುಕೊಂಡು, ಚೀಲ ನೋಡಿ, "ಚೆನ್ನಾಗಿದೆ" ಎಂದ. ಜನ ಹೆಂಡ ಸುರಿದುಕೊಂಡರು.

ಆಮೇಲೆ ಅಪ್ಪನಿಗೆ ಯಾವ ಮನೆಯಿಂದಲೂ ದೋಣಿ ಬರಲಿಲ್ಲ. ಆಸ್ಪತ್ರೆಯಲ್ಲಿ ಪಿತ್ತದ ಜೊತೆ ಅವನ ವಿದ್ಯೆಯನ್ನೂ ಬಸಿದುಕೊಂಡರು ಎಂದು ಜನ ಆಡಿಕೊಂಡರು. ಅವನು ಆಡಿಕೊಂಡವರ ಮೇಲೆ ಒಂದು ಬೈಗುಳವನ್ನೂ ಖರ್ಚು ಮಾಡಲಿಲ್ಲ. ಆದರೆ ಮನೆಯಲ್ಲಿ ಯಾರು ಹಂದಿ ಕೊಯ್ದರೂ ಇಳಿದುಹೋಗಿ, ಹೊಳೆಯ ಕಲ್ಲಿನ ಮೇಲೆ ಕೂತು ಈಲಿಯನ್ನು ಬಿಡಿಸಿ ನೋಡುತ್ತಿದ್ದ. ಯಾರಿಗೂ ಏನೂ ಹೇಳುತ್ತಿರಲಿಲ್ಲ. ಒಂದು ದಿನ ಪಾತ್ರೆ ತೊಳೆಯುತ್ತಿದ್ದ ನನ್ನನ್ನು ಕರೆದು, "ಬಾ ಇಲ್ಲಿ. ಮೇಲಿನ ಬಾಯಿ ಎಲ್ಲಿದೆ ತೋರ್ಸು" ಎಂದ. ತೋರಿಸಿದೆ. "ಅದು ಕೊಬ್ಬಿನ ಗಂಟು. ಕಣ್ಣನ್ನ ಅಡಿಗೆಮನೇಲಿ ಬಿಟ್ಟು ಬಂದಿದ್ದೀಯಾ?" ಎಂದು ನನ್ನ ಬೆರಳನ್ನು ಹಿಡಿದು ಸರಿಯಾದ ಕಡೆ ಇಟ್ಟ. ತೊಟ್ಟಿನಂಥ ಸಣ್ಣ ಉಬ್ಬು ಬೆರಳಿಗೆ ಸಿಕ್ಕಿತು. ಒತ್ತಿದರೆ ಒಂದು ಹನಿ ಪಿತ್ತ ಜಿನುಗಿತು. ಅದಾದ ಮೇಲೆ ಆಗಾಗ ಕರೆಯುತ್ತಿದ್ದ. ಪ್ರತಿ ಸಲವೂ ಬೈದ.

ಕೆಲವು ವರ್ಷಗಳ ಮೇಲೆ ಗರಮನ್ ಮಾವನ ಹಿರಿಯ ಮಗ ಸಮುದ್ರದ ನಡುವಿನ ಎಣ್ಣೆಬಾವಿಯ ಕೆಲಸಕ್ಕೆ ಹೊರಟ. ಸ್ವಂತ ಮಗನ ಹಂದಿಯನ್ನು ಮಾವ ಓದುವಂತಿರಲಿಲ್ಲ. ಬೇರೆ ಮನೆಯಿಂದ ಯಾರನ್ನಾದರೂ ಕರೆಸಬಹುದಿತ್ತು. ಅವನು ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದ. ಹಿಂದೆ ಅರ್ಧ ಮನೆ ನೆರೆದಿತ್ತು.

"ಭಾವ, ಬೈಬೇಡಿ. ಇವತ್ತೊಂದಿನ ಬೈಬೇಡಿ. ನಾನು ಎಲ್ಲರಿಗೂ ಚೆನ್ನಾಗಿದೆ ಅಂತೀನಿ, ನಂಗೆ ಗೊತ್ತಿರೋದು ಅಷ್ಟೇ. ನನ್ನ ಮಗ ನೀರಿನ ಮೇಲೆ ಹೋಗ್ತಿದ್ದಾನೆ. ನೀವು ನೋಡಿದ್ರೆ ನಿಜವಾಗಿ ನೋಡ್ತೀರಿ."

ಅಪ್ಪ ಅವನನ್ನು ನೋಡಿದ. ಬೈಗುಳವೊಂದು ಅವನ ನಾಲಿಗೆಯ ತುದಿಗೆ ಬಂದದ್ದು ನನಗೆ ಸ್ಪಷ್ಟವಾಗಿ ಕಂಡಿತು. ಅವನು ಅದನ್ನು ಅಡಿಕೆಯ ಜೊತೆ ದವಡೆಗೆ ಸರಿಸಿಕೊಂಡು, ತಟ್ಟೆ ತೆಗೆದುಕೊಂಡ. ಕವಲು ಕವಲಾಗಿ ನೋಡಿದ. ಯಾವ ಹಾಳೆಯನ್ನೂ ಬಿಡಲಿಲ್ಲ. ನಾಳವನ್ನು ಸೀಳಿ ಒಳಗೋಡೆಯನ್ನು ಉಗುರಿನಿಂದ ಸವರಿ ನೋಡಿದ. ಎರಡು ಬಾಯಿಗಳನ್ನೂ ಒತ್ತಿ ನೋಡಿದ. ಮಾವನ ಹಣೆಯಲ್ಲಿ ಬೆವರು ಹನಿಗಟ್ಟಿತ್ತು.

"ಹಂದಿ ಆರೋಗ್ಯವಾಗಿದೆ" ಎಂದ ಅಪ್ಪ.

"ಅಂದ್ರೆ?"

"ಹಾದಿ ಸಾಫಾಗಿದೆ. ಎಲ್ಲೂ ಏನೂ ಅಡ್ಡ ಇಲ್ಲ."

ಗರಮನ್ ಮಾವ ಅಲ್ಲೇ ಕುಸಿದು ಕೂತು, ಅಪ್ಪನ ಮೊಣಕಾಲು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತ. ಹಿಂದಿದ್ದವರು ಮಗನ ಬೆನ್ನು ತಟ್ಟಿದರು. ಹಾದಿ ಸಾಫಾಗಿದೆಯಂತೆ, ಬನ್ಯಾಂಗ್ ಹೇಳಿದ, ಎಂಬ ಮಾತು ಬಾಗಿಲಿಂದ ಬಾಗಿಲಿಗೆ ಮೊಗಸಾಲೆಯ ಕೊನೆಯವರೆಗೆ ಹೋಯಿತು. ಅಪ್ಪ ನನ್ನ ಕಡೆ ತಿರುಗಿ, ಇಂಥವರ ನಡುವೆ ಬದುಕಬೇಕಲ್ಲ ಎಂಬಂತೆ ಹುಬ್ಬೇರಿಸಿದ. ಮೊಣಕಾಲನ್ನು ಮಾತ್ರ ಬಿಡಿಸಿಕೊಳ್ಳಲಿಲ್ಲ.

"ಏನು ನಿಂತಿದ್ದೀಯಾ?" ಎಂದ ನನಗೆ. "ಈಲಿ ಆರ್ತಿದೆ. ಒಲೆ ಹಚ್ಚು."